ಕ್ರ್ಯಾಶ್ ಗಾರ್ಡು: ನಂಬಿಕೆಯೂ ವಸ್ತುಸ್ಥಿತಿಯೂ

ಶನಿವಾರದ ನಸುಕಿನಲ್ಲಿ ಹೋಪ್ ಫಾರ್ಮ್ ವೃತ್ತದಿಂದ ಹೊರಟು, ಕಾಡುಗೋಡಿಯ ಮೆಟ್ರೋ ನಿಲ್ದಾಣವನ್ನು ಹಿಂದಿಕ್ಕಿ, ಹೊಸಕೋಟೆಯ ಮಾರ್ಗವಾಗಿ ಕೋಲಾರದ ಅಂತರಗಂಗೆಗೋ ಮುಳಬಾಗಿಲಿನ ಆಚೆಗೋ ಸಾಗುವ ಪ್ರವಾಸಿ ಬೈಕುಗಳಲ್ಲಿ, ಎಂಜಿನ್ನಿನ ಇಕ್ಕೆಲಗಳಿಗೂ ಬಾಗಿದ ಉಕ್ಕಿನ ಕೊಳವೆಗಳನ್ನು ಬಿಗಿದುಕೊಳ್ಳದ ವಾಹನವನ್ನು ಕಾಣುವುದು ಈಗ ದುರ್ಲಭವೇ ಸರಿ. ಅಂಗಡಿಯವರು ಇದನ್ನು ಕ್ರ್ಯಾಶ್ ಗಾರ್ಡ್ ಎನ್ನುವರು. ಹಳಬರ ಬಾಯಲ್ಲಿ ಇದು ಲೆಗ್ ಗಾರ್ಡ್. ಉಪಕರಣವು ಪ್ರಯೋಜನಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರಯೋಜನ ಯಾರಿಗೆ, ಯಾವ ಸಂದರ್ಭದಲ್ಲಿ ಎಂಬ ವಿಷಯದಲ್ಲಿ ಸವಾರರಲ್ಲಿಯೂ ಗ್ಯಾರೇಜುಗಳಲ್ಲಿಯೂ ರೂಢಿಯಾಗಿರುವ ಭಾವನೆಗಳು ವಸ್ತುಸ್ಥಿತಿಯಿಂದ ಬಹುದೂರ ಸರಿದಿವೆ.

ಅವುಗಳಲ್ಲಿ ಅತ್ಯಂತ ಅಪಾಯಕರವಾದುದು, ಅಪಘಾತದಲ್ಲಿ ಇದು ಸವಾರನ ಕಾಲನ್ನು ಕಾಯುತ್ತದೆಂಬ ನಂಬಿಕೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಮತ್ತು ಅವರ ಸಹೋದ್ಯೋಗಿಗಳು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕ್ ಅಪಘಾತಗಳನ್ನು ಘಟನಾಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಪ್ರಶ್ನೆಯನ್ನೂ ಪರೀಕ್ಷೆಗೆ ಒಡ್ಡಿದ್ದರು. ಗಾರ್ಡು ಇದ್ದ ವಾಹನಗಳಲ್ಲಿ ಪಾದಕ್ಕೂ ಪಾದದ ಕೀಲಿಗೂ ಆಗುವ ಗಾಯಗಳು ಕಡಿಮೆಯಾದುವೆಂಬುದು ನಿಜ. ಆದರೆ ಮೊಣಕಾಲು, ಕೆಳಗಾಲು, ತೊಡೆಗಳ ಗಾಯಗಳು ಹೆಚ್ಚಿ ಆ ಲಾಭವನ್ನು ನುಂಗಿಹಾಕಿದುವು. ಕಾರಣ ಗಹನವಾದುದೇನಲ್ಲ. ಢಿಕ್ಕಿಯಾದ ಕ್ಷಣದಲ್ಲಿ ಕಾಲು ತನ್ನ ಸ್ಥಾನದಲ್ಲಿ ವಿನಯದಿಂದ ಕುಳಿತಿರುವುದಿಲ್ಲ. ಸವಾರನ ದೇಹ ಮುಂದಕ್ಕೆ ಚಿಮ್ಮುವಾಗ ಅದೂ ಚಿಮ್ಮಿ, ರಕ್ಷಣೆಗೆಂದು ಕಟ್ಟಿದ ಕೊಳವೆಗೇ ಬಡಿಯುತ್ತದೆ. ದೂರಪ್ರಯಾಣದಲ್ಲಿ ಗಾರ್ಡಿನ ಮೇಲೆ ಕಾಲು ಚಾಚಿ ಒರಗುವ ಅಭ್ಯಾಸವುಳ್ಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹಾಗೆ ಚಾಚಿದ ಕಾಲು ಹಿಂಬದಿಯ ಬ್ರೇಕಿನ ಮೇಲೂ ಇರುವುದಿಲ್ಲ.

ಹಾಗಾದರೆ ಇದರ ನಿಜವಾದ ಕಾರ್ಯಕ್ಷೇತ್ರ ಯಾವುದು? ಸೈಡ್ ಸ್ಟ್ಯಾಂಡು ಮಳೆಯ ಮಣ್ಣಿನಲ್ಲಿ ಹೂತು ಬೈಕು ಮಗ್ಗುಲಾಗುವುದು, ಜಲ್ಲಿ ಚೆದುರಿದ ತಿರುವಿನಲ್ಲಿ ನಡಿಗೆಯ ವೇಗದಲ್ಲಿ ಮುಂಗಾಲಿ ಜಾರುವುದು, ಹಿಂದೆ ಮೂಟೆ ಹೇರಿಕೊಂಡು ಯೂ-ಟರ್ನ್ ತೆಗೆದುಕೊಳ್ಳುವಾಗ ಕಾಲು ನೆಲಕ್ಕೆ ಎಟುಕದಿರುವುದು: ಇಂತಹ ಸಣ್ಣ ಬೀಳುಗಳೇ ಇದರ ಕ್ಷೇತ್ರ. 2023ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ತೂಕ 196 ಕಿಲೋ. ಅದು ನಿಂತಲ್ಲೇ ಉರುಳಿ ಅದರ ಗುರುತ್ವಕೇಂದ್ರ ಒಂದಡಿ, ಎಂದರೆ ಸುಮಾರು 30 ಸೆಂಟಿಮೀಟರ್, ಕೆಳಗಿಳಿಯಿತೆಂದು ಭಾವಿಸಿದರೆ ಬಿಡುಗಡೆಯಾಗುವ ಶಕ್ತಿ 600 ಜೂಲ್‌ಗಳ ಒಳಗೇ ಉಳಿಯುವುದು. ಅದೇ ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ, ಸವಾರನ ತೂಕವನ್ನು ಬಿಟ್ಟರೂ, 27,000 ಜೂಲ್‌ಗಳನ್ನು ಮೀರುವುದು. ಮೊದಲನೆಯದನ್ನು ಸಲೀಸಾಗಿ ಹೊರುವ ಕೊಳವೆಯಿಂದ ಅದರ ನಲವತ್ತೈದು ಪಟ್ಟನ್ನು ಹೊರಿಸುವ ಆಸೆ ಸಲ್ಲದು. ಆ ಸಣ್ಣ ಬೀಳನ್ನು ತಡೆದರೂ ಸಾಕು, ಖರ್ಚು ಸಾರ್ಥಕವೇ. ಹಿಮಾಲಯನ್ 450ರಂತೆ ದ್ರವದಿಂದ ತಂಪಾಗುವ ಎಂಜಿನ್ನುಗಳಲ್ಲಿ ರೇಡಿಯೇಟರಿಗೆ ಒಂದು ಬಿರುಕು ಬಿಟ್ಟರೂ ಮುಳ್ಳಯ್ಯನಗಿರಿಯ ಏರಿನಲ್ಲಿ ಬೈಕನ್ನು ಟೆಂಪೋಗೆ ಏರಿಸುವುದಲ್ಲದೆ ಗತ್ಯಂತರವಿಲ್ಲ. ಕ್ಲಚ್ಚು, ಬ್ರೇಕುಗಳ ಲಿವರ್‌ಗಳನ್ನೂ ಗಾರ್ಡೇ ಉಳಿಸುವುದೆಂಬ ಭರವಸೆ ಮಾತ್ರ ಬೇಡ. ಹ್ಯಾಂಡಲಿನ ತುದಿ ಅನೇಕ ವೇಳೆ ಗಾರ್ಡಿಗಿಂತ ಹೊರಗೆ ಚಾಚಿರುವುದರಿಂದ ಅವಕ್ಕೆ ಹ್ಯಾಂಡ್ ಗಾರ್ಡುಗಳೇ ಬೇಕು.

ದಪ್ಪನೆಯ ಪೈಪು, ಭಾರವಾದ ಪೈಪು, ಆದ್ದರಿಂದ ಗಟ್ಟಿಯಾದ ಪೈಪು ಎಂಬ ತರ್ಕವನ್ನು ಅಂಗಡಿಯಲ್ಲಿ ಗಾರ್ಡನ್ನು ಕೈಯಲ್ಲಿ ತೂಗಿ ನೋಡುವ ಪ್ರತಿಯೊಬ್ಬ ಗ್ರಾಹಕನೂ ಮಾಡುವನು. 22 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ಗೋಡೆಯ ಕೊಳವೆಯೊಂದನ್ನು ತೆಗೆದುಕೊಳ್ಳೋಣ. ಅದರ ಗೋಡೆಯನ್ನು 3 ಮಿಲಿಮೀಟರಿಗೆ ಏರಿಸಿದರೆ ತೂಕ ಶೇಕಡಾ 42ರಷ್ಟು ಹೆಚ್ಚುತ್ತದೆ, ಬಾಗುವಿಕೆಗೆ ಒಡ್ಡುವ ಬಿಗಿ ಶೇಕಡಾ 30ರಷ್ಟು ಮಾತ್ರ. ಗೋಡೆಯನ್ನು ಹಾಗೆಯೇ ಬಿಟ್ಟು ವ್ಯಾಸವನ್ನು 25ಕ್ಕೆ ಏರಿಸಿದರೆ ತೂಕ ಶೇಕಡಾ 15, ಬಿಗಿ ಶೇಕಡಾ 50ಕ್ಕೂ ಮಿಗಿಲು. ಬಿದಿರು ಟೊಳ್ಳಾಗಿದ್ದೇ ಗಾಳಿಗೆ ನಿಲ್ಲುವ ರಹಸ್ಯವೂ ಇದೇ. ಸ್ಟೇನ್‌ಲೆಸ್ ಸ್ಟೀಲಿನ ಮಹಿಮೆಯನ್ನೂ ಇಲ್ಲಿಯೇ ಅಳೆಯಬಹುದು. ಕಾಸಿ ಮೆದುಗೊಳಿಸಿದ 304 ಶ್ರೇಣಿಯ ಸ್ಟೇನ್‌ಲೆಸ್ ಸ್ಟೀಲು ಶಾಶ್ವತವಾಗಿ ಬಾಗತೊಡಗುವ ಕನಿಷ್ಠ ಮಿತಿ ಸುಮಾರು 205 ಮೆಗಾಪ್ಯಾಸ್ಕಲ್; ಪೀಣ್ಯದ ಯಾವ ವರ್ಕ್‌ಶಾಪಿನಲ್ಲಿಯೂ ದೊರೆಯುವ ಸಾಧಾರಣ ಎಂ.ಎಸ್. ಉಕ್ಕಿನದು 250. ಸ್ಟೇನ್‌ಲೆಸ್ಸಿಗೆ ತೆರುವ ಅಧಿಕ ಬೆಲೆ ತುಕ್ಕು ಹಿಡಿಯದಿರುವುದಕ್ಕೆ, ಶಕ್ತಿಗಲ್ಲ. ಆಗುಂಬೆಯ ಮಳೆಯಲ್ಲಿ ಓಡಾಡುವವರಿಗೆ ಅದು ನ್ಯಾಯವಾದ ಬೆಲೆಯೇ.

ಬಾಗದ ಗಾರ್ಡೇ ಉತ್ತಮ ಗಾರ್ಡು ಎಂಬ ಇನ್ನೊಂದು ಭ್ರಮೆ ಜಾಣರಲ್ಲಿಯೂ ಉಂಟು. ಕೊಳವೆಯು ಬಾಗಿ ನುಂಗದ ಆಘಾತ ಎಲ್ಲಿಯೂ ಮಾಯವಾಗುವುದಿಲ್ಲ. ಬೋಲ್ಟಿನ ಮೂಲಕ ಗಾರ್ಡನ್ನು ಕಟ್ಟಿದ ಸ್ಥಳಕ್ಕೇ ಹರಿದುಹೋಗುತ್ತದೆ. ಹಳೆಯ ಹಿಮಾಲಯನ್ 411ರಲ್ಲಿ ಎಂಜಿನ್ನನ್ನು ಕೆಳಗಿನಿಂದ ತಬ್ಬುವ ಚೌಕಟ್ಟಿತ್ತು. 450ರಲ್ಲಿ ಎಂಜಿನ್ನೇ ಚೌಕಟ್ಟಿನ ಅಂಗವಾಗಿ ಭಾರ ಹೊರುತ್ತದೆ. ಇಂತಹ ವಾಹನದಲ್ಲಿ ಎಂಜಿನ್ನಿನ ಕಿವಿಯಂತಿರುವ ಅಲ್ಯೂಮಿನಿಯಂ ಭಾಗ ಮುರಿದರೆ ಆಗುವ ಖರ್ಚಿನಲ್ಲಿ ಗಾರ್ಡುಗಳನ್ನು ಹಲವು ಬಾರಿ ಕೊಳ್ಳಬಹುದು. ಆದಕಾರಣ ಬಿದ್ದು ಬಾಗಿದ ಗಾರ್ಡನ್ನು ಕಂಡು ಅಂಗಡಿಯವನನ್ನು ಶಪಿಸುವುದು ಅನ್ಯಾಯ. ಅದು ತನ್ನ ಕರ್ತವ್ಯವನ್ನು ಮಾಡಿದೆ. ಅದನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ತೊಡಿಸುವುದು, ಚೌಕಟ್ಟಿಗೇ ವೆಲ್ಡಿಂಗ್ ಮಾಡಿಸಿ ಬಿಗಿಗೊಳಿಸುವುದು, ಇವೆರಡೂ ಸಲ್ಲವು.

ಸರ್ಕಾರ ಇವುಗಳನ್ನು ನಿಷೇಧಿಸಿದೆಯೆಂಬ ಮಾತೂ ಆಗಾಗ ಕೇಳಿಬರುವುದುಂಟು. 2017ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರ ಆ ಮಾತಿನ ಮೂಲ; ಅದರ ಹಿಂದಿದ್ದ ಆತಂಕ, ಕಾರು ಜೀಪುಗಳ ಮೂತಿಗೆ ಕಟ್ಟುವ ಬುಲ್ ಬಾರುಗಳು ಪಾದಚಾರಿಗಳಿಗೂ ಒಳಗೆ ಕುಳಿತವರಿಗೂ ಒಡ್ಡುವ ಅಪಾಯ. ಬೈಕು ತಯಾರಕರೇ ಗಾರ್ಡುಗಳನ್ನು ಅಧಿಕೃತ ಬಿಡಿಭಾಗಗಳಾಗಿ ಮಾರುತ್ತಿರುವರು.

ಕೊಳ್ಳುವಾಗ ಬ್ರ್ಯಾಂಡಿನ ಹೆಸರಿಗಿಂತ ಮೊದಲು, ಬೋಲ್ಟುಗಳು ಎಲ್ಲಿ ಕೂಡುವುವು, ಅವುಗಳ ತಲೆಯ ಮೇಲೆ 8.8 ಅಥವಾ 10.9 ಎಂಬ ದರ್ಜೆಯ ಗುರುತಿದೆಯೇ, ಬೈಕನ್ನು ವಾಲಿಸಿದಾಗ ಕೊಳವೆ ಫುಟ್‌ರೆಸ್ಟಿಗಿಂತ ಮೊದಲೇ ನೆಲ ಮುಟ್ಟುವುದೇ ಎಂಬುದನ್ನು ನೋಡಬೇಕು. ಕೆಲವು ವಿನ್ಯಾಸಗಳಲ್ಲಿ ಆಯಿಲ್ ಫಿಲ್ಟರ್ ಬದಲಿಸಬೇಕಾದರೆ ಇಡೀ ಗಾರ್ಡನ್ನೇ ಕಳಚಬೇಕಾಗುವುದು. ಅಂತಹುದನ್ನು ಯಾವ ಬೆಲೆಗೆ ಕೊಟ್ಟರೂ ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.