ಅಲರ್ಜಿ: ಒಗ್ಗದಿರುವುದು ಯಾವುದು?

ಚೆನ್ನೈಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ "ಈ ಊರಿನ ನೀರು ಮಗುವಿಗೆ ಒಗ್ಗಲಿಲ್ಲ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೀಲ್ಪಾಕ್‌ನ ಯಾವುದೇ ಬಡಾವಣೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಬೆಳಗಾಗುತ್ತಲೇ ಮಗು ಹತ್ತು ಹದಿನೈದು ಬಾರಿ ಸೀನುತ್ತದೆ, ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಆರಾಮವಾಗಿರುತ್ತದೆ. ಹಿಂದಿರುಗಿದ ವಾರದೊಳಗೆ ಮತ್ತೆ ಅದೇ ಪಾಡು. ತಾಯಿ ನೀರನ್ನು ಕಾಯಿಸಿ ಕೊಡುತ್ತಾರೆ. ಅಜ್ಜಿ ದೂರವಾಣಿಯಲ್ಲಿಯೇ ಮೊಸರು, ಬಾಳೆಹಣ್ಣು, ಬದನೆಕಾಯಿಗಳನ್ನು ನಿಷೇಧಿಸುತ್ತಾರೆ. ಸೀನು ಮಾತ್ರ ನಿಲ್ಲುವುದಿಲ್ಲ.

"ಒಗ್ಗಲಿಲ್ಲ" ಎಂಬ ಪದ ತಪ್ಪಲ್ಲ. ಅಲರ್ಜಿಯನ್ನು ಕನ್ನಡದಲ್ಲಿ ಒಗ್ಗದಿಕೆ ಎಂದೇ ಕರೆಯಬಹುದು. ಆದರೆ ಒಗ್ಗದಿರುವುದು ಯಾವುದು ಎಂಬುದನ್ನು ಸರಿಯಾಗಿ ಗುರುತಿಸದಿದ್ದರೆ ಮಗು ಬೇಕಾದ ಆಹಾರವನ್ನೂ ಕಳೆದುಕೊಳ್ಳುತ್ತದೆ, ಬೇಕಾದ ಔಷಧಿಯನ್ನೂ ಕಳೆದುಕೊಳ್ಳುತ್ತದೆ.

ಅಲರ್ಜಿ ಎಂದರೇನು?

"ಅಲರ್ಜಿ" ಎಂಬ ಪದವನ್ನು 1906ರಲ್ಲಿ ರೂಪಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ಶರೀರದ ರೋಗನಿರೋಧಕ ವ್ಯವಸ್ಥೆಯು ರೋಗಾಣುಗಳನ್ನು ಎದುರಿಸುವ ಕಾವಲುಗಾರನಿದ್ದಂತೆ. ಕೆಲವರಲ್ಲಿ ಈ ಕಾವಲುಗಾರನು ನಿರುಪದ್ರವಿಯಾದ ಧೂಳನ್ನೋ ಪರಾಗವನ್ನೋ ಶತ್ರುವೆಂದು ತಪ್ಪಾಗಿ ತಿಳಿಯುತ್ತಾನೆ. ಆಗ ಶರೀರವು ಆ ವಸ್ತುವಿಗೆಂದೇ "ಐಜಿಇ" ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಇದು ಪತ್ತೆಯಾದದ್ದು 1966-67ರ ಸುಮಾರಿಗೆ. ಈ ಪ್ರತಿಕಾಯಗಳು ಮೂಗು, ಶ್ವಾಸನಾಳ, ಚರ್ಮ ಹಾಗೂ ಕರುಳಿನಲ್ಲಿರುವ ಕೆಲವು ಜೀವಕೋಶಗಳಿಗೆ ಅಂಟಿಕೊಂಡು ಕಾದಿರುತ್ತವೆ. ಅದೇ ವಸ್ತು ಮತ್ತೆ ಒಳಹೊಕ್ಕಾಗ ಆ ಕೋಶಗಳಿಂದ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಹೊರಬೀಳುತ್ತವೆ. ತುರಿಕೆ, ಊತ, ಸೀನು, ನೀರು ಸೋರುವಿಕೆ ಎಲ್ಲವೂ ಇವುಗಳ ಕೆಲಸ. ತಂದೆ ಅಥವಾ ತಾಯಿಗೆ ಈ ಪ್ರವೃತ್ತಿ ಇದ್ದಲ್ಲಿ ಮಕ್ಕಳಲ್ಲಿಯೂ ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಲಕ್ಷಣಗಳು

ಮೂಗಿನಲ್ಲಿ ಇದು ಸಾಲುಸಾಲು ಸೀನು, ತಿಳಿನೀರಿನಂತೆ ಸೋರುವಿಕೆ ಮತ್ತು ಕಟ್ಟಿದ ಮೂಗಾಗಿ ತೋರುತ್ತದೆ. ಶ್ವಾಸನಾಳದಲ್ಲಿ ಉಬ್ಬಸವಾಗಿ, ಚರ್ಮದಲ್ಲಿ ಪಿತ್ತಗಂಧೆ ಅಥವಾ ಇಸಬಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ನೆಗಡಿಯು ಜ್ವರ, ಮೈಕೈನೋವುಗಳೊಡನೆ ಬಂದು ವಾರ ಹತ್ತು ದಿನಗಳಲ್ಲಿ ಹೊರಟುಹೋಗುತ್ತದೆ. ಅಲರ್ಜಿಯಲ್ಲಿ ಜ್ವರವಿರುವುದಿಲ್ಲ, ತುರಿಕೆ ಇರುತ್ತದೆ, ತಿಂಗಳುಗಟ್ಟಲೆ ಬಿಡುವುದಿಲ್ಲ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುವ ಅಭ್ಯಾಸ, ಕಣ್ಣಿನ ಕೆಳಗಿನ ಕಪ್ಪು ಛಾಯೆ, ಬಾಯಿ ತೆರೆದು ಮಲಗುವುದು ಇವುಗಳನ್ನೂ ಗಮನಿಸಿರಿ. ರಾತ್ರಿ ಒಣಕೆಮ್ಮು ಬರುತ್ತಿದ್ದರೆ, ಓಡಿದಾಗ ಎದೆಯಲ್ಲಿ ಸುಯ್ ಎಂಬ ಸದ್ದು ಕೇಳಿಸಿದರೆ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ನಾವು ಉಬ್ಬಸ, ಗೂರಲು, ದಮ್ಮು ಎನ್ನುವುದನ್ನು ಇಲ್ಲಿನವರು "ಇಳುಪ್ಪು" ಅಥವಾ "ವೀಸಿಂಗ್" ಎನ್ನುತ್ತಾರೆ. ಊರಿನಿಂದ ಬಂದ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಈ ಪದ ನೆನಪಿರಲಿ.

ನಮ್ಮ ಮನೆಯೊಳಗಿನ ಕಾರಣಗಳು

ಸಮುದ್ರತೀರದ ಈ ನಗರದಲ್ಲಿ ವರ್ಷದ ಬಹುಕಾಲ ಗಾಳಿಯಲ್ಲಿ ತೇವವಿರುತ್ತದೆ. ಇಂತಹ ಹವೆಯಲ್ಲಿ ಧೂಳಿನ ನುಸಿ ಸಮೃದ್ಧವಾಗಿ ಬೆಳೆಯುತ್ತದೆ. ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಈ ಜೀವಿ ಬರಿಗಣ್ಣಿಗೆ ಕಾಣುವುದಿಲ್ಲ. ಹಾಸಿಗೆ, ದಿಂಬು, ಸೋಫಾಗಳಲ್ಲಿ ವಾಸಿಸುತ್ತ ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನೇ ತಿಂದು ಬದುಕುತ್ತದೆ. ಅದರ ಹಿಕ್ಕೆಯೇ ಅಲರ್ಜಿಗೆ ಮುಖ್ಯ ಕಾರಣ. ರಾತ್ರಿಯೆಲ್ಲ ದಿಂಬಿನ ಮೇಲೆ ಮುಖವಿಟ್ಟು ಮಲಗಿದ ಮಗು ಬೆಳಿಗ್ಗೆ ಸೀನುವುದರ ಗುಟ್ಟು ಹಲವೊಮ್ಮೆ ಇಲ್ಲಿದೆ, ಕುಡಿಯುವ ನೀರಿನಲ್ಲಿಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಗೋಡೆಗಳಿಗೆ ಬೂಷ್ಟು ಹಿಡಿಯುತ್ತದೆ. 2015ರ ಡಿಸೆಂಬರ್ ಪ್ರವಾಹ ಮತ್ತು 2023ರ ಮಿಚಾಂಗ್ ಚಂಡಮಾರುತದಂತಹ ಸಂದರ್ಭಗಳಲ್ಲಿ ನೀರು ನುಗ್ಗಿದ ಮನೆಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ಜಿರಳೆಯೂ ಒಂದು ಪ್ರಬಲ ಕಾರಣ. ಭೋಗಿಯ ಬೆಳಗಿನ ಹೊಗೆ, ಸೊಳ್ಳೆಬತ್ತಿ, ಅಗರಬತ್ತಿಗಳು ಅಲರ್ಜಿಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಈಗಾಗಲೇ ಕೆರಳಿರುವ ಶ್ವಾಸನಾಳವನ್ನು ಮತ್ತಷ್ಟು ಕೆರಳಿಸುತ್ತವೆ.

ತವರಿನ ಕಾರಣಗಳು ಬೇರೆ. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಹಬ್ಬಿದ ಪಾರ್ಥೇನಿಯಂ, ಅಂದರೆ ನಮ್ಮವರು ಕಾಂಗ್ರೆಸ್ ಕಳೆ ಎನ್ನುವ ಗಿಡ, ಮೂಗಿನ ಅಲರ್ಜಿಗೂ ಚರ್ಮದ ತುರಿಕೆಗೂ ಕಾರಣವಾಗುತ್ತದೆ. ಅದನ್ನು ಹತೋಟಿಗೆ ತರಲು ಮೆಕ್ಸಿಕೋ ದೇಶದಿಂದ ತರಿಸಿದ ಜೀರುಂಡೆಗಳನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದ್ದರಿಂದ ತೊಂದರೆ ಕೀಲ್ಪಾಕ್‌ನಲ್ಲಿ ಹೆಚ್ಚೋ, ಬೆಂಗಳೂರಿಗೆ ಹೋದಾಗ ಹೆಚ್ಚೋ ಎಂಬುದೇ ವೈದ್ಯರಿಗೆ ಒಂದು ದೊಡ್ಡ ಸುಳಿವು.

ಪರೀಕ್ಷೆಯ ಕಾಗದ ಮತ್ತು ಅಡುಗೆಮನೆ

ಇಂದು ಒಂದೇ ಬಾರಿ ರಕ್ತ ಕೊಟ್ಟರೆ ನೂರಾರು ವಸ್ತುಗಳ ಪಟ್ಟಿಯುಳ್ಳ ವರದಿ ಕೈಗೆ ಬರುತ್ತದೆ. ಹಾಲು, ಗೋಧಿ, ಕಡಲೆಕಾಯಿ, ಬದನೆಕಾಯಿಗಳ ಮುಂದೆ ಗುರುತು ಕಂಡೊಡನೆ ಅವೆಲ್ಲವೂ ಅಡುಗೆಮನೆಯಿಂದ ಹೊರಬೀಳುತ್ತವೆ. ಆದರೆ ರಕ್ತದಲ್ಲಿ ಪ್ರತಿಕಾಯ ಕಂಡ ಮಾತ್ರಕ್ಕೆ ಅಲರ್ಜಿ ಇದೆಯೆಂದು ಹೇಳಲಾಗದು. ಇದಕ್ಕೆ ನಮ್ಮ ನಾಡಿನದೇ ಆಧಾರವಿದೆ. ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯವಿದ್ದವರು ಶೇಕಡಾ 26.5, ಆಹಾರದ ಅಲರ್ಜಿ ನಿಜವಾಗಿ ಇರುವ ಸಂಭವವಿದ್ದವರು ಶೇಕಡಾ 1.2 ಮಾತ್ರ.

ಹಿರಿಯರು ನಂಜೆಂದು ಹೇಳುವ ಬದನೆಕಾಯಿಯ ಕಥೆಯೂ ಇಂಥದ್ದೇ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ವೈದ್ಯರೊಡಗೂಡಿ 741 ಮಂದಿಯನ್ನು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ತಮ್ಮ ಅನುಭವದ ಹೇಳಿಕೆಯಿಂದಲೋ ಚರ್ಮದ ಪರೀಕ್ಷೆಯಿಂದಲೋ ಬದನೆಯ ಬಗ್ಗೆ ಸಂಶಯ ಮೂಡಿದವರು ಶೇಕಡಾ 9ರಷ್ಟಿದ್ದರು. ಐಜಿಇ ಮೂಲಕ ಉಂಟಾಗುವ ಅಲರ್ಜಿ ಶೇಕಡಾ 0.8ರಷ್ಟು ಜನರಲ್ಲಿ ಮಾತ್ರ ಕಂಡುಬಂತು. ಹಿರಿಯರ ಅನುಭವ ಸುಳ್ಳಲ್ಲ. ಆದರೆ ಒಬ್ಬರಿಗೆ ಒಗ್ಗದ್ದು ಮನೆಮಂದಿಗೆಲ್ಲ ಒಗ್ಗದೆಂದು ಭಾವಿಸಬೇಕಾಗಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಸಾಮಾನ್ಯವಾಗಿ ಅಲರ್ಜಿಯಲ್ಲ. ಅದು ಹಾಲಿನ ಸಕ್ಕರೆ ಜೀರ್ಣವಾಗದಿರುವುದರ ಫಲ.

ಹಾಗಾದರೆ ಯಾವ ಪರೀಕ್ಷೆ ಉಪಯುಕ್ತ? ಮೊದಲನೆಯದು ನಿಮ್ಮದೇ ದಿನಚರಿ. ಯಾವ ಹೊತ್ತು, ಯಾವ ಕೋಣೆ, ಏನು ತಿಂದ ಎಷ್ಟು ಹೊತ್ತಿನ ಮೇಲೆ ತೊಂದರೆಯಾಯಿತು ಎಂದು ಎರಡು ಮೂರು ವಾರ ಬರೆದಿಡಿರಿ. ಆ ಸಂಶಯವನ್ನು ಖಚಿತಪಡಿಸಿಕೊಳ್ಳಲು ವೈದ್ಯರು ಚರ್ಮವನ್ನು ಸೂಜಿಯಿಂದ ಮೆಲ್ಲನೆ ಚುಚ್ಚಿ ನೋಡುವ ಪರೀಕ್ಷೆಯನ್ನೋ ನಿರ್ದಿಷ್ಟ ರಕ್ತಪರೀಕ್ಷೆಯನ್ನೋ ಮಾಡಿಸುತ್ತಾರೆ. ಚರ್ಮದ ಪರೀಕ್ಷೆಯ ಫಲಿತಾಂಶ ಇಪ್ಪತ್ತು ನಿಮಿಷಗಳಲ್ಲಿ ತಿಳಿಯುತ್ತದೆ.

"ಈಸಿನೋಫಿಲಿಯಾ" ಎಂಬ ಮಾತು

"ನನಗೆ ಈಸಿನೋಫಿಲಿಯಾ ಇದೆ" ಎಂದು ಹೇಳಿಕೊಳ್ಳುವವರು ನಮ್ಮಲ್ಲಿ ಬಹಳ. ಅದು ಕಾಯಿಲೆಯ ಹೆಸರಲ್ಲ, ರಕ್ತದ ಒಂದು ಬಗೆಯ ಬಿಳಿಕಣ ಹೆಚ್ಚಾಗಿರುವ ಸ್ಥಿತಿ. ಅಲರ್ಜಿಯಿಂದ ಹೆಚ್ಚಾಗಬಹುದು, ಹೊಟ್ಟೆಯ ಹುಳುವಿನಿಂದಲೂ ಹೆಚ್ಚಾಗಬಹುದು. ಆನೆಕಾಲು ರೋಗದ ಸೂಕ್ಷ್ಮ ಹುಳುಗಳ ವಿರುದ್ಧ ಶ್ವಾಸಕೋಶ ಕೆರಳಿದಾಗಲೂ ಇದು ಬಹಳ ಏರುತ್ತದೆ. ಆಗ ಉಬ್ಬಸದಂತೆಯೇ ರಾತ್ರಿ ಕೆಮ್ಮು ಬರುತ್ತದೆ. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಈ ಸ್ಥಿತಿಗೆ "ಉಷ್ಣವಲಯದ ಈಸಿನೋಫಿಲಿಯಾ" ಎಂದು ಹೆಸರಿಟ್ಟರು. ಇದಕ್ಕೆ ಕೊಡುವ ಡೈಇಥೈಲ್ ಕಾರ್ಬಮಜೀನ್ ಔಷಧಿಯು ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಎಲ್ಲ ಉಬ್ಬಸವೂ ಅಲರ್ಜಿಯಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಚಿಕಿತ್ಸೆ

ಮೊದಲ ಹೆಜ್ಜೆ ಕಾರಣವನ್ನು ದೂರವಿಡುವುದು. ಹಾಸಿಗೆ, ದಿಂಬುಗಳಿಗೆ ಝಿಪ್ ಇರುವ ಒತ್ತುನೇಯ್ಗೆಯ ಗವಸು ಹಾಕಿರಿ. ಹೊದಿಕೆಗಳನ್ನು ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾದ, ಅಂದರೆ 60 ಡಿಗ್ರಿಯಷ್ಟು ಕಾದ ನೀರಿನಲ್ಲಿ ಒಗೆಯಿರಿ. ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರೆಸಿರಿ. ಎ.ಸಿ. ಯಂತ್ರದ ಜಾಲರಿಯನ್ನು ಆಗಾಗ ತೊಳೆಯಿರಿ. ಸೋರುವ ಗೋಡೆಯನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸಿರಿ.

ಎರಡನೆಯದು ಔಷಧಿ. ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಮೊದಲಾದ ಹಿಸ್ಟಮಿನ್ ನಿರೋಧಕಗಳು ಹಳೆಯ ಮಾತ್ರೆಗಳಷ್ಟು ನಿದ್ದೆ ತರಿಸುವುದಿಲ್ಲ. ಬಿಡದೆ ಕಾಡುವ ಮೂಗಿನ ತೊಂದರೆಗೆ ಸ್ಟೆರಾಯ್ಡ್ ಸಿಂಪಡಿಕೆಯೂ, ಉಬ್ಬಸಕ್ಕೆ ಇನ್‌ಹೇಲರ್ ಕೂಡ ಹೆಚ್ಚು ಪರಿಣಾಮಕಾರಿ. "ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡದು" ಎಂಬ ಭಯದಿಂದ ಇದನ್ನು ನಿರಾಕರಿಸಿ, ಅಂಗಡಿಯಲ್ಲಿ ಕೇಳಿ ಪಡೆದ ಸ್ಟೆರಾಯ್ಡ್ ಮಾತ್ರೆಯನ್ನು ನುಂಗುವವರಿದ್ದಾರೆ. ಇದು ತಲೆಕೆಳಗಾದ ಲೆಕ್ಕ. ಇನ್‌ಹೇಲರ್‌ನ ಪ್ರಮಾಣ ಮೈಕ್ರೋಗ್ರಾಮ್‌ಗಳಲ್ಲಿದ್ದು ನೇರವಾಗಿ ಶ್ವಾಸನಾಳಕ್ಕೆ ತಲುಪುತ್ತದೆ. ಮಾತ್ರೆ ಮಿಲಿಗ್ರಾಮ್‌ಗಳಲ್ಲಿದ್ದು ಮೈಯೆಲ್ಲಕ್ಕೂ ಹರಡುತ್ತದೆ. ಇನ್‌ಹೇಲರ್ ಚಟವಾಗುವುದಿಲ್ಲ, ಬಳಸಿದ ನಂತರ ಬಾಯಿ ಮುಕ್ಕಳಿಸಿದರೆ ಸಾಕು. ಮೂಗು ತೆರೆಸುವ ತೊಟ್ಟುಮದ್ದನ್ನು ಮಾತ್ರ ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಬಾರದು. ಮಾಂಟೆಲುಕಾಸ್ಟ್ ಸೇವಿಸುವ ಮಗುವಿನ ನಿದ್ದೆ ಅಥವಾ ಸ್ವಭಾವದಲ್ಲಿ ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಈ ಕುರಿತು ಗಂಭೀರ ಎಚ್ಚರಿಕೆ ನೀಡಿದೆ.

ಮೂರನೆಯದು ಶರೀರಕ್ಕೆ ಒಗ್ಗಿಸುವ ಚಿಕಿತ್ಸೆ. ತೊಂದರೆ ಕೊಡುವ ವಸ್ತುವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುಮದ್ದಾಗಿ ಅಥವಾ ನಾಲಗೆಯ ಕೆಳಗಿನ ಹನಿಯಾಗಿ ಕೊಟ್ಟು, ಕ್ರಮೇಣ ಹೆಚ್ಚಿಸುತ್ತಾರೆ. ಲಂಡನ್ನಿನಲ್ಲಿ ಲೆನಾರ್ಡ್ ನೂನ್ 1911ರಲ್ಲಿ ಪ್ರಕಟಿಸಿದ ವಿಧಾನವಿದು. ಮೂರರಿಂದ ಐದು ವರ್ಷ ಹಿಡಿಯುವುದರಿಂದ ತಾಳ್ಮೆ ಬೇಕು. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಚಿಕಿತ್ಸಾಲಯದಲ್ಲಿಯೇ ಕುಳಿತಿರಬೇಕು.

ತಡಮಾಡಬಾರದ ಹೊತ್ತು

ಆಹಾರ, ಔಷಧಿ ಅಥವಾ ಜೇನ್ನೊಣದ ಕಡಿತದ ನಂತರ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂಧೆ ಎದ್ದು, ತುಟಿ ಅಥವಾ ನಾಲಗೆ ಊದಿ, ಉಸಿರು ಕಟ್ಟಿ, ತಲೆ ಸುತ್ತಿದರೆ ಅದು ಪ್ರಾಣಾಪಾಯದ ಸ್ಥಿತಿ. ಆಗ ಕೊಡಬೇಕಾದ ಮೊದಲ ಔಷಧಿ ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು. ಮಾತ್ರೆ ಕೊಟ್ಟು ಕಾದು ನೋಡುವ ಸಮಯವದಲ್ಲ. ಕಾಲು ಮೇಲೆತ್ತಿ ಮಲಗಿಸಿರಿ. ಉಸಿರಾಟಕ್ಕೆ ಕಷ್ಟವಿದ್ದರೆ ಒರಗಿ ಕುಳ್ಳಿರಿಸಿರಿ, ನಡೆಸಬೇಡಿರಿ. 108ಕ್ಕೆ ಕರೆಮಾಡಿ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ನಮ್ಮ ಬಡಾವಣೆಯವರಿಗೆ ಪೂನಮಲ್ಲಿ ಹೈರೋಡಿನ ಸರ್ಕಾರಿ ಕೀಲ್ಪಾಕ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಸಮೀಪದಲ್ಲಿದೆ. ಒಮ್ಮೆ ಹೀಗಾದವರು ಕಾರಣವಾದ ವಸ್ತುವಿನ ಹೆಸರನ್ನು ಬರೆದು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.

ಅಲರ್ಜಿಯ ಪ್ರವೃತ್ತಿಯನ್ನು ಬೇರುಸಹಿತ ಕಿತ್ತುಹಾಕಲಾಗದಿರಬಹುದು. ಆದರೆ ಅದನ್ನು ಹತೋಟಿಯಲ್ಲಿಟ್ಟುಕೊಂಡು ಎಲ್ಲರಂತೆ ಓದಿ, ಆಡಿ, ಉಂಡು ಬಾಳಬಹುದು. ಮುಂದಿನ ಬಾರಿ ಮನೆಯ ಮಗು ಬೆಳಿಗ್ಗೆ ಸೀನಿದಾಗ ತಟ್ಟೆಯಿಂದ ಮೊಸರನ್ನು ತೆಗೆಯುವ ಮುನ್ನ, ದಿಂಬಿನ ಗವಸನ್ನು ಒಮ್ಮೆ ತೆಗೆದು ನೋಡಿರಿ.