ಒಂದು ಶೃಂಗವೂ ಹೊರಗುಳಿಯದಂತೆ: ಗ್ರಾಫ್ ಸಿದ್ಧಾಂತದಲ್ಲಿ ಪೂರ್ಣಕೂಟ ವಿಭಜನೆಯ ಸಮಸ್ಯೆ

ಮಂಗಳೂರಿನ ಪದವಿ ಕಾಲೇಜುಗಳಲ್ಲಿ ಮೂರು ಮೂರು ವಿಷಯಗಳ ಸಂಯೋಜನೆಗಳನ್ನು ಆಯ್ದುಕೊಂಡು ಓದುವ ಕ್ರಮ ದಶಕಗಳ ಕಾಲ ರೂಢಿಯಲ್ಲಿತ್ತು. ಭೌತಶಾಸ್ತ್ರ-ರಸಾಯನಶಾಸ್ತ್ರ-ಗಣಿತ, ರಸಾಯನಶಾಸ್ತ್ರ-ಸಸ್ಯಶಾಸ್ತ್ರ-ಪ್ರಾಣಿಶಾಸ್ತ್ರ, ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ ಎಂಬಿವು ಅವುಗಳಲ್ಲಿ ಚಿರಪರಿಚಿತವಾದವು. 1868ರಲ್ಲಿ ಆರಂಭವಾದ ಹಂಪನಕಟ್ಟೆಯ ಸರಕಾರಿ ಕಾಲೇಜು, 1880ರ ಸಂತ ಅಲೋಶಿಯಸ್ ಕಾಲೇಜು, 1980ರಲ್ಲಿ ಕೊಣಾಜೆಯಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾನಿಲಯ ಇವೆಲ್ಲವೂ ವರ್ಷ ವರ್ಷವೂ ಎದುರಿಸಬೇಕಾದ ಒಂದು ಕೆಲಸವೆಂದರೆ ಪರೀಕ್ಷೆಯ ವೇಳಾಪಟ್ಟಿಯ ರಚನೆ. ಒಬ್ಬನೇ ವಿದ್ಯಾರ್ಥಿ ಬರೆಯಬೇಕಾದ ಎರಡು ಪತ್ರಿಕೆಗಳು ಒಂದೇ ಅವಧಿಯಲ್ಲಿ ಬರಕೂಡದು. ಬಂದರೆ ಬಂಟ್ವಾಳದಿಂದಲೋ ಮಂಜೇಶ್ವರದಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವನಿಗೆ ಒಂದು ಪತ್ರಿಕೆ ಕೈತಪ್ಪುತ್ತದೆ. ಅಷ್ಟೇ ಅಲ್ಲ, ಒಂದು ಅವಧಿಗೆ ಐದಾರು ಪತ್ರಿಕೆ, ಇನ್ನೊಂದಕ್ಕೆ ಒಂದೇ ಪತ್ರಿಕೆ ಎಂಬಂತೆಯೂ ಆಗಕೂಡದು. ಕೊಠಡಿಗಳೂ ಮೇಲ್ವಿಚಾರಕರೂ ಎಲ್ಲ ದಿನಗಳಲ್ಲಿಯೂ ಅಷ್ಟೇ ಇರುತ್ತಾರೆ.

ಆಡಳಿತದ ಈ ಸಾಮಾನ್ಯ ಸಮಸ್ಯೆಯ ಹಿಂದೆ ಇಪ್ಪತ್ತನೆಯ ಶತಮಾನದ ಸಂಯೋಜನಾ ಗಣಿತದ ಗಟ್ಟಿ ಪ್ರಮೇಯಗಳಲ್ಲೊಂದು ಅಡಗಿದೆ. ಅದನ್ನು ವಿವರಿಸುವ ಮೊದಲು ಪರಿಭಾಷೆಯ ಬಗೆಗೆ ಒಂದು ಮಾತು ಅಗತ್ಯ. ಹಿಂದಿನ ಹತ್ತನೆಯ ತರಗತಿಯ ಗಣಿತ ಪಠ್ಯಗಳಲ್ಲಿ ಆಯ್ಲರನ ಸೂತ್ರದೊಂದಿಗೆ ಬರುತ್ತಿದ್ದ 'ಜಾಲಾಕೃತಿ'ಯೇ ಇಲ್ಲಿಯ ಗ್ರಾಫ್: ಕೆಲವು ಬಿಂದುಗಳು, ಅವುಗಳಲ್ಲಿ ಕೆಲವು ಜೋಡಿಗಳನ್ನು ಕೂಡಿಸುವ ಗೆರೆಗಳು. ಬಿಂದುವಿಗೆ ಶೃಂಗವೆಂದೂ ಗೆರೆಗೆ ಅಂಚೆಂದೂ ಹೆಸರು. ಒಂದು ಶೃಂಗದಿಂದ ಹೊರಡುವ ಅಂಚುಗಳ ಸಂಖ್ಯೆ ಅದರ ಮಾನ. ಪರಸ್ಪರ ಎಲ್ಲ ಜೋಡಿಗಳೂ ಅಂಚಿನಿಂದ ಕೂಡಿರುವ ಶೃಂಗಗಳ ಗುಂಪನ್ನು 'ಕ್ಲಿಕ್' ಎನ್ನುವರು. ಅದನ್ನು ಇಲ್ಲಿ ಪೂರ್ಣಕೂಟವೆಂದು ಕರೆಯಲಾಗಿದೆ. ಮೂರು ಶೃಂಗಗಳ ಪೂರ್ಣಕೂಟವೆಂದರೆ ತ್ರಿಕೋನ. ಗ್ರಾಫಿನ ಎಲ್ಲ ಶೃಂಗಗಳನ್ನೂ, ಒಂದನ್ನೂ ಬಿಡದೆ, ಯಾವುದನ್ನೂ ಎರಡು ಬಾರಿ ಬಳಸದೆ, ಸಮಾನ ಗಾತ್ರದ ಪೂರ್ಣಕೂಟಗಳಾಗಿ ಹಂಚುವುದೇ ಪೂರ್ಣಕೂಟ ವಿಭಜನೆ.

ವೇಳಾಪಟ್ಟಿಯನ್ನು ಈ ಭಾಷೆಗೆ ತರಬಹುದು. ಒಂದು ಕಾಲೇಜಿನಲ್ಲಿ 24 ಪತ್ರಿಕೆಗಳಿವೆ, ಪ್ರತಿಯೊಂದು ಪತ್ರಿಕೆಯೂ ಹೆಚ್ಚೆಂದರೆ ಬೇರೆ 7 ಪತ್ರಿಕೆಗಳೊಡನೆ ಘರ್ಷಿಸುತ್ತದೆ ಎಂದು ಭಾವಿಸೋಣ. 8 ಅವಧಿಗಳಿದ್ದರೆ ಘರ್ಷಣೆಯಿಲ್ಲದ ಪಟ್ಟಿಯೊಂದು ಸಿಗುವುದು ಸುಲಭ. ಪತ್ರಿಕೆಗಳನ್ನು ಒಂದೊಂದಾಗಿ ತೆಗೆದುಕೊಂಡರೆ, ಪ್ರತಿಯೊಂದಕ್ಕೂ ಅಡ್ಡಿಯಾಗಬಲ್ಲ ಅವಧಿಗಳು ಏಳು ಮಾತ್ರ, ಎಂಟನೆಯದು ತೆರೆದಿರುತ್ತದೆ. ಆದರೆ ಹೀಗೆ ಸಿಕ್ಕ ಪಟ್ಟಿ ಸಮವಾಗಿರುತ್ತದೆಂಬ ಭರವಸೆಯಿಲ್ಲ. ಪ್ರತಿ ಅವಧಿಗೂ ಸರಿಯಾಗಿ ಮೂರೇ ಪತ್ರಿಕೆ ಬರಬೇಕೆಂದರೆ ಏನು ಮಾಡಬೇಕು? ಘರ್ಷಿಸದ ಪತ್ರಿಕೆಗಳ ನಡುವೆ ಅಂಚುಗಳನ್ನೆಳೆದು ಹೊಸ ಗ್ರಾಫೊಂದನ್ನು ರಚಿಸಿದರೆ, ಅಲ್ಲಿ ಪ್ರತಿ ಶೃಂಗದ ಮಾನ ಕನಿಷ್ಠ 16, ಅಂದರೆ 24ರ ಮೂರನೆಯ ಎರಡು ಭಾಗ. ಒಂದು ಅವಧಿಯ ಮೂರು ಪತ್ರಿಕೆಗಳು ಅಲ್ಲಿ ಒಂದು ತ್ರಿಕೋನವಾಗುತ್ತವೆ. ಬೇಕಾದುದು 8 ತ್ರಿಕೋನಗಳ ವಿಭಜನೆ.

ಇದು ಯಾವಾಗಲೂ ಸಾಧ್ಯ. ಕನಿಷ್ಠ ಮಾನವು ಶೃಂಗಸಂಖ್ಯೆಯ ಮೂರನೆಯ ಎರಡು ಭಾಗದಷ್ಟಿದ್ದರೆ ತ್ರಿಕೋನ ವಿಭಜನೆ ಇದ್ದೇ ಇರುತ್ತದೆಂಬುದು 1963ರಲ್ಲಿ ಹಂಗೇರಿಯ ಕೊರಾದಿ ಮತ್ತು ಹಾಯ್ನಲ್ ಸಾಧಿಸಿದ ಪ್ರಮೇಯದಿಂದ ಹೊರಡುತ್ತದೆ. ಜೋಡಿಗಳ ವಿಷಯದಲ್ಲಿ ಅರ್ಧ ಭಾಗ ಸಾಕೆಂಬುದು 1952ರ ಡಿರಾಕ್ ಪ್ರಮೇಯದಿಂದಲೇ ತಿಳಿದಿತ್ತು. (ಈತ ಭೌತವಿಜ್ಞಾನಿ ಪಾಲ್ ಡಿರಾಕ್ ಅಲ್ಲ, ಅವರ ಮಲಮಗ ಗೇಬ್ರಿಯೆಲ್ ಡಿರಾಕ್.) ಯಾವುದೇ ಗಾತ್ರದ ಕೂಟಗಳಿಗೂ ಇದೇ ಮಾದರಿ ಸಲ್ಲಬೇಕೆಂಬ ಏರ್ಡಶ್ ಅವರ ಊಹೆಯನ್ನು 1970ರಲ್ಲಿ ಹಾಯ್ನಲ್ ಮತ್ತು ಸೆಮೆರೇಡಿ ಪ್ರಮೇಯವಾಗಿಸಿದರು: ನಾಲ್ಕರ ಕೂಟಗಳಿಗೆ ನಾಲ್ಕನೆಯ ಮೂರು ಭಾಗ, ಐದರ ಕೂಟಗಳಿಗೆ ಐದನೆಯ ನಾಲ್ಕು ಭಾಗ, ಹೀಗೆ. ಸೆಮೆರೇಡಿ ಮುಂದೆ 2012ರಲ್ಲಿ ಆಬೆಲ್ ಪ್ರಶಸ್ತಿಗೆ ಪಾತ್ರರಾದರು.

ಈ ಮಿತಿಯನ್ನು ಒಂದಂಶವೂ ಕೆಳಗಿಳಿಸುವಂತಿಲ್ಲ. 60 ಮಂದಿಯಲ್ಲಿ 21 ಮಂದಿ ತಮ್ಮತಮ್ಮಲ್ಲಿ ಅಪರಿಚಿತರು, ಉಳಿದ 39 ಮಂದಿ ಎಲ್ಲರಿಗೂ ಪರಿಚಿತರು ಎಂದಿರಲಿ. ಕನಿಷ್ಠ ಮಾನ 39; ಪ್ರಮೇಯ ಕೇಳುವುದು 40. ಪರಸ್ಪರ ಪರಿಚಿತರಾದ ಮೂವರ ಗುಂಪಿನಲ್ಲಿ ಆ 21 ಮಂದಿಯ ಪೈಕಿ ಒಬ್ಬನಿಗೆ ಮಾತ್ರ ಸ್ಥಾನ. ಗುಂಪುಗಳಾದರೋ 20. ಒಬ್ಬ ಹೊರಗುಳಿಯಲೇಬೇಕು.

ಹಾಯ್ನಲ್ ಮತ್ತು ಸೆಮೆರೇಡಿಯವರ ಮೂಲ ಸಾಧನೆ ದೀರ್ಘವೂ ಕಠಿಣವೂ ಆದುದು. 2008ರಲ್ಲಿ ಕೀರ್‌ಸ್ಟೆಡ್ ಮತ್ತು ಕೊಸ್ಟೊಚ್ಕಾ ಕೆಲವೇ ಪುಟಗಳ ಸಾಧನೆಯನ್ನು ನೀಡಿದರು. ಅದರ ತಿರುಳನ್ನು ವೇಳಾಪಟ್ಟಿಯ ಮೂಲಕವೇ ಹೇಳಬಹುದು. ಒಂದು ಅವಧಿಯಲ್ಲಿ 4 ಪತ್ರಿಕೆ, ಮತ್ತೊಂದರಲ್ಲಿ 2, ಉಳಿದೆಡೆ ಮೂರು ಮೂರು ಎಂಬ ಹಂತಕ್ಕೆ ಬಂದಿರುವೆವೆಂದು ಇಟ್ಟುಕೊಳ್ಳಿ. ತುಂಬಿದ ಅವಧಿಯ ಒಂದು ಪತ್ರಿಕೆಯನ್ನು ಘರ್ಷಣೆಯಿಲ್ಲದೆ ಇನ್ನೊಂದು ಅವಧಿಗೆ, ಅಲ್ಲಿಯ ಒಂದನ್ನು ಮಗದೊಂದಕ್ಕೆ, ಹೀಗೆ ಸರಪಳಿಯಾಗಿ ಸರಿಸುತ್ತ ಕೊನೆಗೆ ಕೊರತೆಯ ಅವಧಿಯನ್ನು ತುಂಬುವುದು ಉಪಾಯ. ಸರಪಳಿ ಎಲ್ಲಿಯೋ ಕಡಿದುಹೋದರೆ, ಕಡಿದ ಜಾಗದ ಆಚೆಗಿನ ಪ್ರತಿ ಪತ್ರಿಕೆಗೂ ಈಚೆಗಿನ ಪ್ರತಿ ಅವಧಿಯಲ್ಲಿ ಒಂದಾದರೂ ಘರ್ಷಣೆ ಇದೆಯೆಂದಾಯಿತು. ಘರ್ಷಣೆಗಳು ಏಳಕ್ಕೆ ಮೀರುವಂತಿಲ್ಲವಾದ್ದರಿಂದ, ಲೆಕ್ಕ ಹಾಕಿದಾಗ ಅವುಗಳಲ್ಲಿ ಕೆಲವು ಒಂಟಿ ಘರ್ಷಣೆಗಳೇ ಆಗಿರಬೇಕಾಗುತ್ತದೆ. ಅಂಥ ಎರಡು ಪತ್ರಿಕೆಗಳನ್ನು ಅದಲುಬದಲು ಮಾಡಿದರೆ ದಾರಿ ತೆರೆಯುತ್ತದೆ. ವೇಳಾಪಟ್ಟಿ ಹೊಂದಿಸುವ ಅನುಭವಿ ಗುಮಾಸ್ತರು ಕೈಯಿಂದ ಮಾಡುವ ಕೆಲಸಕ್ಕೂ ಇದಕ್ಕೂ ಹೆಚ್ಚಿನ ದೂರವಿಲ್ಲ. ಸರಿಸುವಿಕೆ ಎಂದೂ ಶಾಶ್ವತವಾಗಿ ಸಿಕ್ಕಿಹಾಕಿಕೊಳ್ಳದು ಎಂಬ ಖಾತರಿಯೇ ಗಣಿತದ ಕೊಡುಗೆ.

ಮಿತಿಗಿಂತ ಕೆಳಗಿಳಿದಾಗ ಚಿತ್ರ ಬದಲಾಗುತ್ತದೆ. ಜೋಡಿಗಳ ವಿಷಯದಲ್ಲಿ ಪೂರ್ಣ ಹೊಂದಾಣಿಕೆ ಎಂದು ಸಾಧ್ಯ, ಎಂದು ಅಸಾಧ್ಯ ಎಂಬುದನ್ನು 1947ರ ಟಟ್ ಪ್ರಮೇಯ ಖಚಿತವಾಗಿ ಹೇಳುತ್ತದೆ. 1965ರಲ್ಲಿ ಎಡ್ಮಂಡ್ಸ್ ಅದನ್ನು ಬೇಗನೆ ಹುಡುಕುವ ವಿಧಾನವನ್ನೂ ಕೊಟ್ಟರು. ಎರಡು ಮೂರಾದೊಡನೆ ಈ ಅನುಕೂಲವೆಲ್ಲ ಮಾಯವಾಗುತ್ತದೆ. ಒಂದು ಗ್ರಾಫನ್ನು ತ್ರಿಕೋನಗಳಾಗಿ ವಿಭಜಿಸಬಹುದೇ ಎಂಬ ಪ್ರಶ್ನೆ, ಗಣಕ ವಿಜ್ಞಾನದಲ್ಲಿ ಎನ್‌ಪಿ-ಪೂರ್ಣವೆಂದು ಕರೆಯಲಾಗುವ ಕಠಿಣ ಸಮಸ್ಯೆಗಳ ಸಾಲಿಗೆ ಸೇರಿದೆ. ಅಡ್ಡಿಗಳ ಸ್ವರೂಪವೂ ನಾನಾ ಬಗೆ. ಪರಸ್ಪರ ಸಂಪರ್ಕವೇ ಇಲ್ಲದ 29 ಮತ್ತು 31 ಮಂದಿಯ ಎರಡು ಬಳಗಗಳಿದ್ದು, ಒಳಗೊಳಗೆ ಎಲ್ಲರೂ ಎಲ್ಲರಿಗೂ ಪರಿಚಿತರಾಗಿದ್ದರೂ, 29ಾಗಲಿ 31ಾಗಲಿ ಮೂರರಿಂದ ಭಾಗವಾಗದು ಎಂಬ ಕಾರಣವೊಂದರಿಂದಲೇ ವಿಭಜನೆ ಕೆಡುತ್ತದೆ.

ಹಾಯ್ನಲ್-ಸೆಮೆರೇಡಿ ಪ್ರಮೇಯದ ಬೆಲೆ ದುಬಾರಿ ಎಂಬುದೂ ನಿಜ. ನೆಹರೂ ಮೈದಾನದಲ್ಲಿ 3000 ಸ್ವಯಂಸೇವಕರ ಶಿಬಿರವೊಂದನ್ನು ಕಲ್ಪಿಸಿಕೊಂಡು, ಪರಸ್ಪರ ಪರಿಚಿತರಾದ ಮೂವರ ತಂಡಗಳನ್ನು ರಚಿಸಬೇಕೆಂದರೆ, ಪ್ರತಿಯೊಬ್ಬನಿಗೂ 2000 ಮಂದಿಯ ಪರಿಚಯವಿರಬೇಕೆಂದು ಅದು ಕೇಳುತ್ತದೆ. ಏಕೆಂದರೆ ಅದು ಅತ್ಯಂತ ಪ್ರತಿಕೂಲವಾದ ಪರಿಚಯಜಾಲಕ್ಕೂ ಸಲ್ಲಬೇಕಾದ ಭರವಸೆ. ಜಾಲವು ಯಾರ ಹಟಕ್ಕೂ ಒಳಗಾಗದೆ ಯಾದೃಚ್ಛಿಕವಾಗಿ ಮೂಡಿದ್ದರೆ? ಪ್ರತಿ ಜೋಡಿಗೂ ಒಂದೊಂದು ನಾಣ್ಯ ಚಿಮ್ಮಿ ಅಂಚು ಇರಬೇಕೇ ಬೇಡವೇ ಎಂದು ನಿರ್ಧರಿಸುವ ಮಾದರಿಯನ್ನು ಗಿಲ್ಬರ್ಟ್ 1959ರಲ್ಲಿ ರೂಪಿಸಿದರು. ಅಂಚಿನ ಸಂಭವನೀಯತೆ ಎಷ್ಟಾದಾಗ ವಿಭಜನೆ ಬಹುತೇಕ ಖಚಿತವಾಗುತ್ತದೆ ಎಂಬುದೇ ಹೊಸ್ತಿಲಿನ ಪ್ರಶ್ನೆ.

ಹೊಸ್ತಿಲಿನ ಕೆಳಗಣ ಅಂಚನ್ನು ಊಹಿಸುವುದು ಕಷ್ಟವಲ್ಲ. ಒಂದೇ ಒಂದು ತ್ರಿಕೋನದಲ್ಲೂ ಸೇರದ ಶೃಂಗವಿದ್ದರೆ ವಿಭಜನೆಯ ಮಾತೇ ಇಲ್ಲ. 3000 ಮಂದಿಯಲ್ಲಿ ಸರಾಸರಿ 36 ಪರಿಚಯಗಳಿದ್ದರೆ, ಯಾವುದೇ ಇಬ್ಬರ ನಡುವೆ ಪರಿಚಯವಿರುವ ಸಂಭವನೀಯತೆ ಸುಮಾರು 0.012. ಒಬ್ಬನ 36 ಪರಿಚಿತರಲ್ಲಿ 630 ಜೋಡಿಗಳಿವೆ. ಅವುಗಳಲ್ಲಿ ಏಳೆಂಟು ಜೋಡಿಗಳು ತಮ್ಮೊಳಗೂ ಪರಿಚಿತರಾಗಿರುವುದು ನಿರೀಕ್ಷಿತ. ಸರಾಸರಿ 8 ಆದಾಗ ಒಂದೂ ಇಲ್ಲದಿರುವ ಸಂಭವನೀಯತೆ ಸುಮಾರು ಮೂರು ಸಾವಿರದಲ್ಲಿ ಒಂದು. ಎಂದರೆ ಇಡೀ ಶಿಬಿರದಲ್ಲಿ ಅಂಥ ಒಂಟಿ ವ್ಯಕ್ತಿ ಸರಾಸರಿ ಒಬ್ಬ ಉಳಿಯುತ್ತಾನೆ. ಪರಿಚಯಗಳು ಇನ್ನೂ ತುಸು ಹೆಚ್ಚಿದರೆ ಅವನೂ ಇಲ್ಲವಾಗುತ್ತಾನೆ. 2000 ಎಲ್ಲಿ, 36 ಎಲ್ಲಿ! ಸಾಮಾನ್ಯವಾಗಿ ಹೇಳುವುದಾದರೆ, ಶೃಂಗಸಂಖ್ಯೆಯ ಸ್ವಾಭಾವಿಕ ಲಾಗರಿತಮ್ಮನ್ನು ಇಮ್ಮಡಿಸಿ ಘನಮೂಲ ತೆಗೆದು, ಅದನ್ನು ಶೃಂಗಸಂಖ್ಯೆಯ ಘನಮೂಲದ ವರ್ಗದಿಂದ ಭಾಗಿಸಿದರೆ ಈ ಸಂಭವನೀಯತೆ ದೊರೆಯುತ್ತದೆ.

ಒಂಟಿ ಶೃಂಗವಿರಬಾರದು ಎಂಬುದು ಅಗತ್ಯದ ನಿಬಂಧನೆ. ಅದಷ್ಟೇ ಸಾಕೇ? ಜೋಡಿಗಳ ವಿಷಯದಲ್ಲಿ ಸಾಕೆಂದು ಏರ್ಡಶ್-ರೆನ್ಯಿ 1966ರಲ್ಲಿಯೇ ತೋರಿಸಿದ್ದರು. ಅವರ ಬೆನ್ನಿಗೆ ಟಟ್ ಪ್ರಮೇಯವಿತ್ತು. ಮೂರರ ವಿಷಯದಲ್ಲಿ ಅಂಥ ಆಸರೆಯಿರಲಿಲ್ಲ. ಶಾಮಿರ್ ಅವರ ಹೆಸರಿನಿಂದ ಪ್ರಸಿದ್ಧವಾದ ಸೋದರ ಸಮಸ್ಯೆಯಲ್ಲಿ ಅಂಚುಗಳ ಬದಲು ಮೂವರ ಗುಂಪುಗಳನ್ನೇ ಯಾದೃಚ್ಛಿಕವಾಗಿ ಆರಿಸಲಾಗುತ್ತದೆ. 1980ರ ದಶಕದ ಆರಂಭದಿಂದ ಅದು ತಜ್ಞರನ್ನು ಕಾಡಿತು. ತ್ರಿಕೋನಗಳ ವಿಷಯದಲ್ಲಿ 1997ರಲ್ಲಿ ಕ್ರಿವೆಲೆವಿಚ್ ಸಾಕಷ್ಟು ಮುಂದುವರಿದರಾದರೂ ಹೊಸ್ತಿಲನ್ನು ಮುಟ್ಟಲಾಗಲಿಲ್ಲ. 2008ರಲ್ಲಿ ಯೋಹಾನ್ಸನ್, ಕಾನ್ ಮತ್ತು ವು ಎರಡೂ ಸಮಸ್ಯೆಗಳ ಹೊಸ್ತಿಲನ್ನು, ಒಂದು ಸ್ಥಿರ ಗುಣಕದ ಅಂತರದೊಳಗೆ, ನಿರ್ಣಯಿಸಿದರು. ಎಲ್ಲ ಅಂಚುಗಳೂ ಇರುವ ಗ್ರಾಫಿನಿಂದ ಹೊರಟು ಒಂದೊಂದೇ ಅಂಚನ್ನು ಯಾದೃಚ್ಛಿಕವಾಗಿ ಅಳಿಸುತ್ತ, ಪ್ರತಿ ಹೆಜ್ಜೆಯಲ್ಲೂ ಎಷ್ಟು ವಿಭಜನೆಗಳು ನಾಶವಾದವು ಎಂದು ಎಂಟ್ರೊಪಿಯ ನೆರವಿನಿಂದ ಲೆಕ್ಕವಿಡುವುದು ಅವರ ಮಾರ್ಗ. ನಾಶವು ಯಾವ ಹಂತದಲ್ಲಿಯೂ ನಿರೀಕ್ಷೆಗಿಂತ ಬಹಳ ಹೆಚ್ಚಾಗದು ಎಂಬುದನ್ನು ಸ್ಥಾಪಿಸುವುದರಲ್ಲಿಯೇ ಕೆಲಸದ ಭಾರವೆಲ್ಲ ಇದೆ. ಈ ಪ್ರಬಂಧಕ್ಕೆ 2012ರಲ್ಲಿ ಫುಲ್ಕರ್ಸನ್ ಪ್ರಶಸ್ತಿ ಸಂದಿತು.

ಆ ಬಳಿಕದ ಬೆಳವಣಿಗೆ ತ್ವರಿತವಾದುದು. ಫ್ರಾಂಕ್‌ಸ್ಟನ್, ಕಾನ್, ನಾರಾಯಣನ್ ಮತ್ತು ಪಾರ್ಕ್ 2019ರಲ್ಲಿ ಪ್ರಕಟಪಡಿಸಿದ ಫಲಿತಾಂಶದಿಂದಲೂ, 2022ರಲ್ಲಿ ಪಾರ್ಕ್ ಮತ್ತು ಫಾಮ್ ಸಾಧಿಸಿದ ಕಾನ್-ಕಲಾಯ್ ಊಹೆಯಿಂದಲೂ ಶಾಮಿರ್ ಸಮಸ್ಯೆಯ ಹೊಸ್ತಿಲು ಕೆಲವೇ ಪುಟಗಳಲ್ಲಿ ದೊರೆಯುವಂತಾಯಿತು. ತ್ರಿಕೋನಗಳಿಗೆ ಮಾತ್ರ ಈ ಸಾಮಾನ್ಯ ವಿಧಾನ ಲಾಗರಿತಮ್ಮಿನ ಘಾತವನ್ನು ಸರಿಯಾಗಿ ಕೊಡದು. ಗ್ರಾಫಿನ ತ್ರಿಕೋನಗಳು ಅಂಚುಗಳನ್ನು ಹಂಚಿಕೊಳ್ಳುವುದರಿಂದ ಸ್ವತಂತ್ರವಾಗಿರುವುದಿಲ್ಲ. ಈ ತೊಡಕನ್ನು ಬಿಡಿಸಿದವರು ರಿಯೊರ್ಡನ್ ಮತ್ತು ಹೆಕೆಲ್. ಯಾದೃಚ್ಛಿಕವಾಗಿ ಆರಿಸಿದ ಗುಂಪುಗಳ ಜಾಲವೊಂದನ್ನು ಯಾದೃಚ್ಛಿಕ ಗ್ರಾಫಿನ ಪೂರ್ಣಕೂಟಗಳೊಳಗೇ ಹುದುಗಿಸಬಹುದೆಂದು ಅವರು 2018ರ ಸುಮಾರಿಗೆ ತೋರಿಸಿದರು: ನಾಲ್ಕು ಹಾಗೂ ಹೆಚ್ಚಿನ ಗಾತ್ರಕ್ಕೆ ರಿಯೊರ್ಡನ್, ತ್ರಿಕೋನಕ್ಕೆ ಹೆಕೆಲ್. ಶಾಮಿರ್ ಸಮಸ್ಯೆಗೆ ಕಾನ್ ಕಂಡುಕೊಂಡ ನಿಖರ ಉತ್ತರವು ಈ ಸೇತುವೆಯ ಮೂಲಕ ತ್ರಿಕೋನಗಳಿಗೂ ಬಂದಿತು. 2023ರಲ್ಲಿ ಹೆಕೆಲ್, ಕೌಫ್‌ಮನ್, ಮ್ಯುಲರ್ ಮತ್ತು ಪಾಶ್ ಇನ್ನೂ ಸೂಕ್ಷ್ಮವಾದುದನ್ನು ಸಾಧಿಸಿದರು. ಖಾಲಿ ಗ್ರಾಫಿಗೆ ಅಂಚುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ, ಕೊನೆಯ ಒಂಟಿ ಶೃಂಗಕ್ಕೆ ಕೂಟವೊಂದು ದೊರೆತ ಆ ಕ್ಷಣದಲ್ಲಿಯೇ, ಒಂದಕ್ಕೆ ಸಮೀಪಿಸುವ ಸಂಭವನೀಯತೆಯೊಡನೆ, ಇಡೀ ಗ್ರಾಫಿನ ವಿಭಜನೆ ಸಿದ್ಧವಾಗಿರುತ್ತದೆ.

ಮಂಗಳೂರಿನಂಥ ನಗರಕ್ಕೆ ಈ ಎರಡನೆಯ ಲೆಕ್ಕವನ್ನು ನೇರವಾಗಿ ಅನ್ವಯಿಸುವುದು ಸಲ್ಲದು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಭಾಷೆಗಳಾಡುವ ಇಲ್ಲಿಯ ಜನರ ಪರಿಚಯಗಳು ಕೇರಿ, ಶಾಲೆ, ಭಾಷೆ, ಉದ್ಯೋಗಗಳ ಸುತ್ತ ದಟ್ಟೈಸಿರುತ್ತವೆ; ನಾಣ್ಯ ಚಿಮ್ಮಿ ಮೂಡಿದವಲ್ಲ. ವಿಷಯ ಸಂಯೋಜನೆಗಳೂ ಹಾಗೆಯೇ: ವಿಜ್ಞಾನದ ಪತ್ರಿಕೆಗಳು ವಿಜ್ಞಾನದವುಗಳೊಡನೆ, ಕಲಾ ವಿಭಾಗದವು ಕಲಾ ವಿಭಾಗದವುಗಳೊಡನೆ ಘರ್ಷಿಸುತ್ತವೆ. ಅಂಥಲ್ಲಿ ದುಬಾರಿಯಾದ ಹಳೆಯ ಪ್ರಮೇಯವೇ ನೆಚ್ಚಿಗೆಯದು, ಏಕೆಂದರೆ ಅದು ಜಾಲದ ಹುಟ್ಟನ್ನು ವಿಚಾರಿಸುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಯೋಹಾನ್ಸನ್, ಕಾನ್ ಮತ್ತು ವು ಅವರ ಸಾಧನೆ ವಿಭಜನೆ ಇದೆಯೆಂದು ಹೇಳುತ್ತದೆಯೇ ಹೊರತು ಅದನ್ನು ಹುಡುಕಿಕೊಡುವುದಿಲ್ಲ. ಹಾಯ್ನಲ್-ಸೆಮೆರೇಡಿ ಪ್ರಮೇಯಕ್ಕಾದರೋ 2010ರಲ್ಲಿ ಕೀರ್‌ಸ್ಟೆಡ್, ಕೊಸ್ಟೊಚ್ಕಾ, ಮಿಡ್ಲಾರ್ಜ್ ಮತ್ತು ಸ್ವತಃ ಸೆಮೆರೇಡಿ ಸೇರಿ ಗಣಕಕ್ಕೆ ಒಪ್ಪುವ ಕ್ರಮವಿಧಿಯನ್ನು ಒದಗಿಸಿದ್ದಾರೆ. ಅದರ ಹೆಜ್ಜೆಗಳ ಸಂಖ್ಯೆ ಶೃಂಗಸಂಖ್ಯೆಯ ವರ್ಗವನ್ನು ಗರಿಷ್ಠ ಘರ್ಷಣೆಯಿಂದ ಗುಣಿಸಿದಷ್ಟರ ಪ್ರಮಾಣದಲ್ಲಿರುತ್ತದೆ. 24 ಪತ್ರಿಕೆ, 7 ಘರ್ಷಣೆಗಳ ಪಟ್ಟಿಗೆ ಆ ಗುಣಲಬ್ಧ 4032.