ನಿಮಗಿದು ಗೊತ್ತೇ? ಓಮದ ಘಮದ ಪ್ರೇರಿ ಹೂವು

ಅಮೆರಿಕದ ಪ್ರೇರಿ ಹುಲ್ಲುಗಾವಲುಗಳಲ್ಲಿ ಜುಲೈ ಬಂತೆಂದರೆ ತಿಳಿನೇರಳೆ ಹೂವೊಂದು ಕೆದರಿದ ತಲೆಯಂತೆ ಅರಳುತ್ತದೆ. ಹೆಸರು ವೈಲ್ಡ್ ಬರ್ಗಮಾಟ್, ಪುದೀನ ಕುಟುಂಬದ್ದು. ಇದನ್ನು ಗುರುತಿಸುವುದರಲ್ಲಿ ಕಣ್ಣಿಗಿಂತ ಬೆರಳು, ಮೂಗುಗಳೇ ಮುಂದು.

● ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ. ನುಣ್ಣಗೆ ಉರುಳದೆ ತಡೆತಡೆದು ತಿರುಗುತ್ತದೆ, ಏಕೆಂದರೆ ಅದಕ್ಕೆ ನಾಲ್ಕು ಮೂಲೆ. ನಮ್ಮ ಅಂಗಳದ ತುಳಸಿ, ಬದುವಿನ ತುಂಬೆ ಇದೇ ಕುಟುಂಬದವು. ಅವುಗಳ ಕಾಂಡವನ್ನೂ ಮುಟ್ಟಿ ನೋಡಿ. ಎಲೆಗಳು ಎದುರುಬದುರು ಜೋಡಿ. ಒಂದು ಜೋಡಿ ಪೂರ್ವ-ಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರ-ದಕ್ಷಿಣಕ್ಕೆ.

● ಚೌಕ ಕಾಂಡವೊಂದನ್ನೇ ನಂಬಬೇಡಿ. ಅಲ್ಲೇ ಬೆಳೆಯುವ ನೀಲಿ ವರ್ವೇನದ ಕಾಂಡವೂ ಚೌಕವೇ, ಕುಟುಂಬ ಮಾತ್ರ ಬೇರೆ. ಹಾಗಾಗಿ ಹೂವನ್ನು ಹತ್ತಿರ ಹಿಡಿಯಿರಿ: ಸಣ್ಣ ಕೊಳವೆ, ಎರಡು ತುಟಿ. ಕಿರಿದಾದ ಮೇಲ್ದುಟಿಯ ತುದಿಯಲ್ಲಿ ಕೂದಲಿನ ಕುಚ್ಚು, ಅದನ್ನೂ ಮೀರಿ ಚಾಚಿದ ಎರಡೇ ಕೇಸರಗಳು.

● ಗೊಂಚಲು ನಡುವಿನಿಂದ ಅಂಚಿಗೆ ಅರಳುತ್ತಾ ಹೋಗುತ್ತದೆ. ಕೆಲ ದಿನ ಕಳೆದರೆ ನಡುನೆತ್ತಿ ಬೋಳು, ಸುತ್ತ ಹೂವಿನ ಬಳೆ!

● ಎಲೆ ಉಜ್ಜಿ ಮೂಸಿದರೆ ಓಮ, ದೊಡ್ಡಪತ್ರೆಗಳ ನೆನಪಾಗುತ್ತದೆ. ಅದು ಬರಿಯ ಭ್ರಮೆಯಲ್ಲ. ಓಮಕ್ಕೆ ಘಾಟು ಕೊಡುವ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್ ಎರಡೂ ಇದರ ಎಣ್ಣೆಯಲ್ಲಿವೆ. ದೊಡ್ಡಪತ್ರೆ ಇದರ ನೆಂಟ; ಓಮವೋ ಕೊತ್ತಂಬರಿಯ ಬಳಗ.

● ಅರ್ಲ್ ಗ್ರೇ ಚಹಾದ ಬರ್ಗಮಾಟ್ ಇದಲ್ಲ. ಅದು ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆ.

● ಕುಟುಂಬದ ಎಲ್ಲರಿಗೂ ಪರಿಮಳವಿಲ್ಲ. ಪ್ರೇರಿಯ ಇನ್ನೊಂದು ಸದಸ್ಯ 'ಒಬೀಡಿಯಂಟ್ ಪ್ಲಾಂಟ್'ನ ಎಲೆ ಘಮಿಸುವುದಿಲ್ಲ. ಆದರೆ ಅದರ ಹೂವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ, ತಳ್ಳಿದಲ್ಲೇ ನಿಲ್ಲುತ್ತದೆ. ವಿಧೇಯ ಗಿಡವೆಂಬ ಹೆಸರು ಬಂದದ್ದೇ ಹಾಗೆ.

● ವೈಲ್ಡ್ ಬರ್ಗಮಾಟ್‌ನ ಶಾಸ್ತ್ರೀಯ ನಾಮ ಮೊನಾರ್ಡಾ ಫಿಸ್ಟುಲೋಸಾ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟದ್ದು. ಸೆವಿಲ್ ನಗರದ ವೈದ್ಯ ನಿಕೋಲಾಸ್ ಮೊನಾರ್ದೆಸ್ ಅಮೆರಿಕದ ಔಷಧಿ ಗಿಡಗಳ ಬಗ್ಗೆ ಪುಸ್ತಕ ಬರೆದರು, ಅಮೆರಿಕಕ್ಕೆ ಹೋಗಲೇ ಇಲ್ಲ. ಕುಲಕ್ಕೆ ಅವರದೇ ಹೆಸರು.

● ಪ್ರೇರಿಗೆ ಬೆಂಕಿ ಹೊಸದಲ್ಲ. ಮೇಲಿನದೆಲ್ಲ ಸುಟ್ಟರೂ ಈ ಬಹುವಾರ್ಷಿಕ ಗಿಡ ನೆಲದೊಳಗಿನ ಬೇರುಕಾಂಡದಿಂದ ಮತ್ತೆ ಚಿಗುರುತ್ತದೆ. ನೇಗಿಲಿನೆದುರು ಆ ಶಕ್ತಿ ಸಾಲಲಿಲ್ಲ. ಅಲ್ಲಿನ ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ಶೇ. 4ಕ್ಕಿಂತಲೂ ಕಡಿಮೆ. ಎಷ್ಟೋ ಕಡೆ ಹಳೆಯ ಸ್ಮಶಾನಗಳಲ್ಲಿ, ರೈಲು ಹಳಿಯ ಅಂಚಿನಲ್ಲಿ, ಉಳುವವರು ಬಿಟ್ಟ ಆ ತುಂಡುನೆಲಗಳಲ್ಲಿ ಮಾತ್ರ ಹಳೆಯ ಪ್ರೇರಿಯ ಹೂಗಳು ಇನ್ನೂ ಅರಳುತ್ತಿವೆ.